ಆಯ್ತು ಅಂದದ್ದು

“ಒಂದು ನಿಮಿಷ ಕಾಯಿರಿ ಸರ್, ನೋಡಿ ಹೇಳ್ತೀನಿ” ಎಂದು ಸಹಾಯವಾಣಿಯ ಚಾಟಿನಲ್ಲಿ ಅಕ್ಷರಗಳು ಮೂಡಿದವು. ಹಿಂದೆ ಬಸ್ಸಿನಲ್ಲಿ ಕಂಡಕ್ಟರ್ ‘ತಡಿ’ ಅಂದಾಗಲೆಲ್ಲ ಹೇಳುತ್ತಿದ್ದ ಹಾಗೆಯೇ, ಡ್ರೈವರ್ ಒಂದೊಂದೇ ಅಕ್ಷರ ಹುಡುಕಿ “ಆಯ್ತು” ಎಂದು ಒತ್ತಿದ.

ಕಾಲು ಹೋದ ಮೇಲೆ ಅವನ ಬಸ್ಸೂ ಹೋಗಿತ್ತು. ಮಗಳು ಬಸ್ ಓಡಿಸುವ ಗೇಮ್ ಕೊಡಿಸಿ, ಮೇಜಿಗೆ ಪ್ಲಾಸ್ಟಿಕ್ ಸ್ಟೇರಿಂಗ್ ಬಿಗಿದುಕೊಟ್ಟಿದ್ದಳು. ಗೇಮ್ ಒಮ್ಮೆಯೂ ತೆರೆದುಕೊಂಡಿರಲಿಲ್ಲ. ಹದಿನೆಂಟು ದಿನ ಸಹಾಯವಾಣಿಯಲ್ಲಿ ಯಾವುದೋ ಯಂತ್ರ ‘ಆಫ್ ಮಾಡಿ, ಆನ್ ಮಾಡಿ’ ಎಂದು ಸತಾಯಿಸಿತ್ತು. ಮನುಷ್ಯರು ಸಿಕ್ಕಿದ್ದು ಇವತ್ತೇ.

ತಕ್ಷಣ ಉತ್ತರ ಬಂತು: “ಸಮಸ್ಯೆ ಪರಿಹಾರ ಆಯ್ತು ಎಂದು ತಿಳಿಸಿದ್ದಕ್ಕೆ ಧನ್ಯವಾದಗಳು. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.”

“ಅಯ್ಯೋ, ಕಾಯ್ತೀನಿ ಅಂತ ಕಣಪ್ಪಾ ನಾನು ಹೇಳಿದ್ದು!” ಅವನು ಪರದೆಗೆ ಕೂಗಿದ. ಬರೆಯುವ ಜಾಗವೇ ಮಾಯವಾಗಿತ್ತು. ಅಲ್ಲಿ ‘ನಮ್ಮ ಸೇವೆ ಹೇಗಿತ್ತು?’ ಎಂದು ಐದು ನಕ್ಷತ್ರಗಳು ಹಲ್ಲು ಕಿರಿಯುತ್ತಿದ್ದವು.

ಅಡುಗೆಮನೆಯಿಂದ ಹೆಂಡತಿ ಕೇಳಿದಳು, “ಏನ್ರೀ, ಇವತ್ತಾದ್ರೂ ಆಯ್ತಾ?”

ಅವನು ಬಗ್ಗಿ ಸ್ಟೇರಿಂಗಿನ ತಿರುಪು ಬಿಚ್ಚತೊಡಗಿದ.

“ಆಯ್ತು” ಎಂದ.