ಕಾಕ ಸೀಳಿದ ಬೇವು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಸೇರಿಸಿದ್ದು ಎಂದು ಖಚಿತವಾಗಿ ಹೇಳಲಾರೆ. ಆಯಿಲ್ ಬೆರೆತ ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಗಾದಿಗನೂರಿನ ನಮ್ಮ ಹಿತ್ತಲಿನ ಆ ಮಧ್ಯಾಹ್ನ ಇಂದಿಗೂ ಕಣ್ಣೆದುರು ನಿಲ್ಲುತ್ತದೆ.

ಅಜ್ಜಿ ನೆಟ್ಟ ಬೇವು ಗಾಳಿಗೆ ಉರುಳಿತ್ತು. ಮೊಳೆ ಹೊಡೆದ ಮರ, ಗರಗಸದ ಹಲ್ಲು ಮುರಿಯುತ್ತದೆ ಎಂದು ಸಾ ಮಿಲ್‌ನವರು ಒಲ್ಲೆವು ಅಂದಿದ್ದರು. ಸಂಜೆ ಇಟ್ಟಿಗೆ ಭಟ್ಟಿಯ ಟ್ರ್ಯಾಕ್ಟರ್ ಬಂದು ಅದನ್ನು ಸೌದೆಗೆ ಒಯ್ಯುವುದಿತ್ತು.

"ಇಷ್ಟು ದಿನ ಅದರ ನೆರಳಾಗ ಕುಂತೀನಿ. ಇನ್ನ ಅದರ ಮ್ಯಾಲ ಕುಂದ್ರತೀನಿ. ನನಗೊಂದು ಬೆಂಚು ಮಾಡಿಕೊಡೋ," ಅಂದಳು ಅಜ್ಜಿ ಕಾಕನಿಗೆ.

ಸಂಡೂರಿನ ಗಣಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಕಾಕ, ಮೊಳೆಗಳನ್ನೆಲ್ಲ ಕಿತ್ತು, ಗುಜರಿಯಿಂದ ತಂದ ಭಾರದ ಚೈನ್ ಗರಗಸವನ್ನು ಬಿಚ್ಚಿಕೊಂಡು ಕೂತಿದ್ದ.

"ಅದು ಸತ್ತು ಭಾಳ ವರ್ಷ ಆಗೇತಿ," ಅಂದಳು ಅಜ್ಜಿ ಗರಗಸ ನೋಡಿ.

"ಸತ್ತಿಲ್ಲವ್ವ, ಉಸಿರು ಕಟ್ಟೇತಿ," ಎಂದ ಕಾಕ, ಕಾರ್ಬೊರೇಟರಿನ ಕೆಂಧೂಳನ್ನು ಊದಿ ತೆಗೆದ. ಒಣಗಿದ ಪೆಟ್ರೋಲ್ ಪೈಪು ಬದಲಿಸಿದ. ಒಂದೊಂದೇ ಹಲ್ಲನ್ನು ಅರದಿಂದ ಉಜ್ಜಿದ. ಚಾಲೂ ಮಾಡುವ ಹಗ್ಗ ಎಳೆದೆಳೆದು ಅಂಗೈ ಸುಲಿದ ಮೇಲೆ ಗರಗಸ ಗುಡುಗಿತು. ಮರದ ಮೇಲೆ ಏಣಿ ಬಿಗಿದು, ಗೆರೆ ತಪ್ಪದಂತೆ ಅದರ ಗುಂಟ ಗರಗಸ ಜಾರಿಸುತ್ತ ಉದ್ದಕ್ಕೆ ಸೀಳಿದ.

ಟ್ರ್ಯಾಕ್ಟರಿನವನು ಬಂದಾಗ ಅಜ್ಜಿ ಹಲಗೆಯ ಮೇಲೆ ಕೂತಿದ್ದಳು. "ಕಟ್ಟಿಗಿ ಹೊಟ್ಟು ಐತಿ, ಬೇಕಾದ್ರ ಒಯ್ಯಪ್ಪ," ಅಂದಳು.

ಆ ಹಲಗೆಗೆ ಕಾಲು ಹಚ್ಚಿದರೇ ಹೊರತು ಯಾರೂ ರಂದ ಹೊಡೆದು ಸಮ ಮಾಡಲಿಲ್ಲ. ಮೊನ್ನೆ ಟೇಪು ಹಿಡಿದು ಅಳೆದೆ. ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ.