ಬೆರಳ ಗೆಣ್ಣಿನ ಲೆಕ್ಕ

"ಕೈ ಕೆಳಗಿಡು ಪುಟ್ಟಿ. ಮನಸ್ಸಲ್ಲೇ ಲೆಕ್ಕ ಹಾಕು," ಟೀಚರ್ ವಂದನಾ ಕನ್ನಡದಲ್ಲಿ ಪಿಸುಗುಟ್ಟಿದಳು.

ಆರು ವರ್ಷದ ಸಿಂಚನಾ ಮಾತ್ರ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತಾ ಏಳಕ್ಕೆ ಐದು ಕೂಡಿಸುತ್ತಲೇ ಇದ್ದಳು. ಹಿಂದಿನ ಬೆಂಚಿನಲ್ಲಿ ಅನುದಾನ ಕೊಡುವ ಫೌಂಡೇಶನ್ನಿನ ಅಧಿಕಾರಿ ಕೂತು ನೋಡುತ್ತಿದ್ದರು. ಅವರು ಒಪ್ಪದಿದ್ದರೆ ಬರ್ಲಿನ್ನಿನ ಈ ಪುಟ್ಟ ಶಾಲೆ ಬೇಸಿಗೆ ರಜೆ ಮುಗಿದ ಮೇಲೆ ತೆರೆಯುವುದಿಲ್ಲ.

"ಇವತ್ತೊಂದಿನ, ಪ್ಲೀಸ್," ಎನ್ನುತ್ತಾ ವಂದನಾ ಆ ಕೈಯನ್ನು ಹಿಡಿದು ಡೆಸ್ಕಿನ ಕೆಳಗೆ ತಳ್ಳಿದಳು.

ಅಧಿಕಾರಿಯ ಪೆನ್ನು ನಿಂತಿತು. ಅವರ ತೊಡೆಯ ಮೇಲಿದ್ದ ಅರ್ಜಿಯನ್ನು ಬರೆದವಳು ವಂದನಾಳೇ. ಮಕ್ಕಳು ಮನೆಯಲ್ಲಿ ಕಲಿತ ರೀತಿಯಿಂದಲೇ ನಮ್ಮ ಪಾಠ ಶುರುವಾಗುತ್ತದೆ ಎಂದು ಮೊದಲ ಸಾಲಿನಲ್ಲೇ ಇತ್ತು.

ಸಿಂಚನಾ ಕೈ ಬಚ್ಚಿಟ್ಟುಕೊಂಡೇ, ಇಡೀ ಕ್ಲಾಸಿಗೆ ಕೇಳಿಸುವಂತೆ ಜರ್ಮನ್‌ನಲ್ಲಿ ಕೇಳಿದಳು: "ಮಿಸ್, ನಮ್ಮಜ್ಜಿ ಹೇಳಿಕೊಟ್ಟಿದ್ದು ತಪ್ಪಾ?"