ಬಾದಲ್‌ನ ಚಿತ್ರ

"ಯಾರವನು ಬರೆದದ್ದು? ಕೈ ಮುರಿದು ಹಾಕ್ತೀನಿ!"

ನಿವೃತ್ತ ಕರ್ನಲ್ ಕಾವೇರಪ್ಪ ಗುಡುಗಿದ ರಭಸಕ್ಕೆ ಮೇಜಿನ ಮೇಲಿದ್ದ ಟೀ ತುಳುಕಿತು. ಎದುರಿಗೆ ಮಗಳು ತಾನ್ಯಾ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಹದಿನೇಳರ ಹುಡುಗಿ, ಅನ್ನ ನೀರು ಬಿಟ್ಟು ಕೂತಿದ್ದಳು.

ವಿಷಯ ಇಷ್ಟೇ. ತಾನ್ಯಾ ಚಿತ್ರ ಬರೆಯುತ್ತಾಳೆ. ಬರೆದದ್ದನ್ನೆಲ್ಲ ಕಲಾವಿದರು ಸೇರುವ ಒಂದು ವೆಬ್‌ಸೈಟಿಗೆ ಹಾಕುತ್ತಾಳೆ. ಆಗಿನ್ನೂ ಮನೆಗೆ ಇಂಟರ್‌ನೆಟ್ ಹಾಕಿಸಿದವರೇ ಕಡಿಮೆ. ಕರ್ನಲ್ ಮಗಳಿಗೋಸ್ಕರ ಹಾಕಿಸಿದ್ದರು. ಸ್ಕ್ಯಾನರನ್ನೂ ತಂದುಕೊಟ್ಟಿದ್ದರು. ಅದು ಬರೀ ಕಾಗದಪತ್ರಕ್ಕೆ ಲಾಯಕ್ಕು, ಡ್ರಾಯಿಂಗ್ ಹಾಳೆ ಅದಕ್ಕೆ ದೊಡ್ಡದಾಯಿತು ಎಂದು ಅವಳ ಗೊಣಗಾಟ ಇದ್ದೇ ಇತ್ತು. ಈಚೆಗೆ ಕಂಪ್ಯೂಟರಿನಲ್ಲೇ ಬಣ್ಣ ಹಾಕುವುದನ್ನೂ ಕಲಿಯತೊಡಗಿದ್ದಳು. ಕಲಿಸಿದವಳು ಕೆಳಗಿನ ಮಹಡಿಯ ಸಿಂಧೂರ, ಇವಳದೇ ತರಗತಿ. ಕಂಪ್ಯೂಟರಿಗೆ ಜೋಡಿಸಿ ಬರೆಯುವ ತನ್ನ ಪೆನ್ ಟ್ಯಾಬ್ಲೆಟನ್ನೂ ಆ ಹುಡುಗಿ ಇವಳಿಗೇ ಬಿಟ್ಟುಕೊಟ್ಟಿದ್ದಳು.

ಎಲ್ಲ ಚೆನ್ನಾಗಿಯೇ ಇತ್ತು, 'ಸಚ್ ಬೋಲೂಂ', ಅಂದರೆ 'ನಿಜ ಹೇಳಲಾ' ಎಂಬ ಹೆಸರಿನವರು ಯಾರೋ ವಕ್ಕರಿಸುವ ತನಕ. 'ನಿನ್ನ ಕೈಗೆ ಬ್ರಶ್ ಅಲ್ಲ, ಪೊರಕೆ ಕೊಡಬೇಕಿತ್ತು.' 'ಕಂಪ್ಯೂಟರಿಗೂ ವಾಂತಿ ಬಂತು.' ಹೀಗೆ ಪ್ರತಿ ಚಿತ್ರದ ಕೆಳಗೂ ವಿಷ ಕಾರುತ್ತಿದ್ದರು. ತಾನ್ಯಾ ಓದಿ ಹೇಳಿ ಅತ್ತಾಗಲೆಲ್ಲ ಕರ್ನಲ್, "ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡ ಮಗಳೇ" ಎಂದು ಪೇಪರ್ ಬಿಡಿಸುತ್ತಿದ್ದರು. ಕಂಪ್ಯೂಟರ್ ಕಂಡರೆ ಅವರಿಗಾಗದು. ಆ ವೆಬ್‌ಸೈಟಿನತ್ತ ಒಮ್ಮೆಯೂ ತಲೆ ಹಾಕಿದವರಲ್ಲ.

ಆದರೆ ಇವತ್ತಿನದು ಬೇರೆ. 'ಮಂಚದ ಕೆಳಗೆ ಬಿದ್ದಿರೋದು ನಾಯಿಯೋ, ಸತ್ತ ಹಂದಿಯೋ?'

ನಾಯಿಯೆಂದರೆ ಬಾದಲ್! ಜಮ್ಮುವಿನಿಂದ ನೋಯ್ಡಾದವರೆಗೆ ಕರ್ನಲ್‌ರ ಹಿಂದೆಯೇ ಸುತ್ತಿದ ಬಾದಲ್. ಕಳೆದ ಚಳಿಗಾಲದಲ್ಲಿ ಅವರೇ ಕೈಯಾರೆ ಗುಂಡಿ ತೋಡಿ ಮಲಗಿಸಿ ಬಂದ ಬಾದಲ್. ಮಂಚದ ಮೇಲೆ ಸ್ವೆಟರ್ ಹೆಣೆಯುತ್ತಿರುವ ಅಮ್ಮ, ಕೆಳಗೆ ಕಾಲು ಚಾಚಿದ ನಾಯಿ. ಅಪ್ಪ ಅಮ್ಮನಿಗೆ ಬಿಟ್ಟು ಬೇರಾರಿಗೂ ತೋರಿಸದೆ ತಾನ್ಯಾ ತನ್ನ ಕೋಣೆಯಲ್ಲೇ ಕೂತು ಬರೆದು, ಈಚೆಗಷ್ಟೇ ವೆಬ್‌ಸೈಟಿಗೆ ಹಾಕಿದ ಜಲವರ್ಣ. ಅದರೆದುರು ನಿಂತು ಕರ್ನಲ್ ಮಗುವಿನ ಹಾಗೆ ಅತ್ತಿದ್ದರು.

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ನಹೀಂ ಪಪ್ಪಾ, ಪ್ಲೀಸ್. ಸಿಂಧೂರ ಹಾಗೆಲ್ಲ ಮಾಡೋಳಲ್ಲ."

ಕರ್ನಲ್ ಸಿಂಧೂರಳ ಹೆಸರನ್ನೇ ಎತ್ತಿರಲಿಲ್ಲ. ಈಗ ಎತ್ತಿದರು. ಡಿಸೈನ್ ಕಾಲೇಜಿನ ವಿದ್ಯಾರ್ಥಿವೇತನಕ್ಕೆ ಶಾಲೆಯಿಂದ ಒಂದೇ ಹೆಸರು ಹೋಗಬೇಕು. ಕಣದಲ್ಲಿ ಇಬ್ಬರೇ, ತಾನ್ಯಾ ಮತ್ತು ಸಿಂಧೂರ. ಟೀಚರಿಗೆ ಸಿಂಧೂರಳ ಮೇಲೇ ಒಲವಂತೆ. ಆದರೂ ಆಸೆ ನೋಡಿ, ಈ ಮಗುವನ್ನು ಪೂರ್ತಿ ಮುಗಿಸಿಬಿಡುವ ಆಸೆ!

"ರೀ, ಸ್ವಲ್ಪ ತಡೀರಿ. ತಾಯಿಯಿಲ್ಲದ ಹುಡುಗಿ ಅದು" ಎಂದರು ಹೆಂಡತಿ ಪೊನ್ನಮ್ಮ.

ಕರ್ನಲ್ ಆಗಲೇ ಟ್ಯಾಬ್ಲೆಟ್ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

ಬಾಗಿಲು ತೆರೆದವನು ಸಿಂಧೂರಳ ಅಪ್ಪ ಅನಂತರಾಮ, ದಿಲ್ಲಿಯ ಓಖ್ಲಾದ ಮುದ್ರಣಾಲಯವೊಂದರ ಸೂಪರ್‌ವೈಸರ್. "ಬನ್ನಿ ಸಾರ್, ಕಾಫಿ..." ಎನ್ನುವಷ್ಟರಲ್ಲಿ ಟ್ಯಾಬ್ಲೆಟ್ ನೆಲಕ್ಕಪ್ಪಳಿಸಿ ಸೀಳಿತು. ಮಗಳಿಗೆ ಅದನ್ನು ಕೊಡಿಸಲು ಆತ ಎಷ್ಟು ಭಾನುವಾರ ಓವರ್‌ಟೈಮ್ ದುಡಿದಿದ್ದನೋ, ಕೇಳುವವರಾರು?

"ನನ್ನ ನಾಯಿ ನಿನಗೆ ಹಂದಿ ಥರ ಕಾಣುತ್ತೇನೇ?"

ಸಿಂಧೂರ ಕಣ್ಣು ಕಣ್ಣು ಬಿಟ್ಟಳು. "ಯಾವ ನಾಯಿ ಅಂಕಲ್?"

"ನೋಡಿ, ನೋಡಿ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡ್ತಾಳೆ!"

"ಸತ್ಯವಾಗ್ಲೂ ಅಂಕಲ್, ತಾನ್ಯಾಳ ಚಿತ್ರದಲ್ಲಿ ನಾಯಿ..."

"ಬಾಯಿ ಮುಚ್ಚು!" ಕರ್ನಲ್ ಅಬ್ಬರಕ್ಕೆ ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಮಾನಕ್ಕೆ ಅಂಜುವ ಮನುಷ್ಯ ಅನಂತರಾಮ. ಯಾವತ್ತೂ ಮಗಳ ಮೇಲೆ ಕೈಯೆತ್ತಿದವನಲ್ಲ. ಅವತ್ತು ಅವಳ ಕತ್ತು ಹಿಡಿದು ಬಗ್ಗಿಸಿ ಕರ್ನಲ್‌ರ ಕಾಲು ಮುಟ್ಟಿಸಿದ. "ಕ್ಷಮಿಸಿ ಅನ್ನು. ಅನ್ನೇ!" ಹುಡುಗಿ ಅಂದಳು. ಅಷ್ಟು ಜನರೆದುರು, ತಾನು ಮಾಡಿದ್ದೇನೆಂದೇ ತಿಳಿಯದೆ ಅಂದಳು.

ಸೋಮವಾರ ಕರ್ನಲ್ ಶಾಲೆಗೆ ಹೋದರು. ಅಪರಾಧಿ ಕಾಲಿಗೆ ಬಿದ್ದು ಒಪ್ಪಿಕೊಂಡಿದ್ದಾಳೆ, ಇನ್ನೇನು ಸಾಕ್ಷಿ ಬೇಕು? ಪ್ರಿನ್ಸಿಪಾಲರು ಸಿಂಧೂರಳ ಹೆಸರು ಹೊಡೆದುಹಾಕಿದರು. ಟ್ಯಾಬ್ಲೆಟ್‌ನ ಚೂರುಗಳು ಗುಜರಿ ಕೊಳ್ಳುವ ಕಬಾಡಿಯವನ ಗಾಡಿ ಸೇರಿದವು. ಇನ್ನು ಬಣ್ಣದ ಸುದ್ದಿ ಎತ್ತಿದರೆ ಓದನ್ನೇ ಬಿಡಿಸುತ್ತೇನೆ ಎಂದನಂತೆ ಅನಂತರಾಮ.

ಸಂಜೆ ತಾನ್ಯಾ ಕೋಳಿ ಸಾರಿನ ಜೊತೆ ನೂಲ್‌ಪುಟ್ಟು ಕೇಳಿ ಕೇಳಿ ಹಾಕಿಸಿಕೊಂಡು ತಿಂದಳು. ಮಗಳ ಮುಖದಲ್ಲಿ ನಗು ಕಂಡು ಕರ್ನಲ್‌ಗೆ ಎದೆಯ ಭಾರ ಇಳಿಯಿತು. ನ್ಯಾಯ ಅಂದರೆ ಹೀಗೆ ಸಿಗಬೇಕು. ಹುಮ್ಮಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನೆದುರು ಕೂತೇಬಿಟ್ಟರು.

"ಚಲೋ, ತೋರಿಸು ಮಗಳೇ. ಕಂಡಕಂಡವರೆಲ್ಲ ನೋಡಿದ್ದಾರೆ, ನಾನೂ ನನ್ನ ಬಾದಲ್‌ನ ನೋಡ್ತೀನಿ."

ತಾನ್ಯಾ ತೆರೆದು ತೋರಿಸಿದಳು. ಕಿಟಕಿ, ಪೊನ್ನಮ್ಮನ ಕೆಂಪು ಶಾಲು, ಹೆಣಿಗೆಯ ಕಡ್ಡಿ, ಮಂಚ. ಮಂಚದ ಹಲಗೆಗೆ ಚಿತ್ರ ಮುಗಿದಿತ್ತು. ಕರ್ನಲ್ ಬಗ್ಗಿ ನೋಡಿದರು. ಕೆಳಗೆ ಇನ್ನೂ ಇರಬಹುದೆಂದು ಮೌಸ್ ತಿರುಗಿಸಿದರು. ಕೆಳಗೆ ಬರೀ ಕಮೆಂಟುಗಳಿದ್ದವು.

"ಬಾದಲ್ ಎಲ್ಲಿ?"

"ಸ್ಕ್ಯಾನರ್‌ನಲ್ಲಿ ಹಿಡಿಸ್ಲಿಲ್ಲ ಪಪ್ಪಾ. ಕಟ್ ಆಗೋಯ್ತು."

"ಹಾಗಾದ್ರೆ... ಹೊರಗಿನವರು ಯಾರೂ ಅವನನ್ನ ನೋಡೇ ಇಲ್ಲ?"

ತಾನ್ಯಾ ಹಿಂದಿನಿಂದ ಅಪ್ಪನ ಕೊರಳಿಗೆ ಕೈ ಹಾಕಿ, ಭುಜದ ಮೇಲೆ ಗಲ್ಲವಿಟ್ಟಳು.

"ಪೊರಕೆ, ವಾಂತಿ ಅಂತ ಬೇರೆ ಏನು ಬರೆದ್ರೂ ನೀವು ಪೇಪರ್ ಬಿಟ್ಟು ಏಳ್ಲಿಲ್ಲ ಪಪ್ಪಾ."